ಎಂಪಿಐ ಕಮ್ಯುನಿಕೇಟರನ್ನು ಪೈಥಾನ್‌ನಿಂದ ಫೋರ್ಟ್ರಾನ್ ಸಾಲ್ವರ್‌ವರೆಗೆ ಕಳಿಸುವುದು: ಮಾಡಿದವರು ಅನುಭವ ಹೇಳಿ

ಯಶವಂತಪುರದಿಂದ ಪ್ರಶ್ನೆ:
ನಮ್ಮ ಲ್ಯಾಬಿನಲ್ಲಿ ಹಳೆಯ ಫೋರ್ಟ್ರಾನ್ ಸಾಲ್ವರ್ ಒಂದಿದೆ. ಅದರ ಮೇಲೆ ಸಿ ಪ್ಲಸ್ ಪ್ಲಸ್ ಪದರ, ಅದರ ಮೇಲೆ ಪೈಥಾನ್. ಪ್ರೊಸೆಸ್‌ಗಳು ಒಂದಕ್ಕೊಂದು ಮೆಸೇಜ್ ಕಳಿಸಲು ಎಂಪಿಐ ಬಳಸುತ್ತೇವೆ. ಮಾತಾಡಿಕೊಳ್ಳುವ ಪ್ರೊಸೆಸ್‌ಗಳ ಗುಂಪೇ ಕಮ್ಯುನಿಕೇಟರ್, ಅದನ್ನು ಗುರುತಿಸುವುದು ಹ್ಯಾಂಡಲ್. ಆ ಹ್ಯಾಂಡಲನ್ನು ಇಂಟ್ ಅಂತ ಕಾಸ್ಟ್ ಮಾಡಿ ಕೆಳಗೆ ಕಳಿಸುತ್ತಿದ್ದೇನೆ. ಲ್ಯಾಪ್‌ಟಾಪಿನಲ್ಲಿ ಎಂಪಿಚ್ (ಎಂಪಿಐನ ಒಂದು ಅಳವಡಿಕೆ) ಇದೆ, ಚೆನ್ನಾಗಿ ಓಡುತ್ತದೆ. ಕ್ಲಸ್ಟರ್‌ನಲ್ಲಿ ಓಪನ್ ಎಂಪಿಐ ಎಂಬ ಇನ್ನೊಂದು ಅಳವಡಿಕೆ, ಅಲ್ಲಿ ಶುರುವಾದ ಕೂಡಲೇ ತಪ್ಪು ಮೆಮೊರಿ ಮುಟ್ಟಿ ಸೆಗ್‌ಫಾಲ್ಟ್. ಇನ್ನೊಂದು ತಲೆನೋವೂ ಇದೆ: ಕೆಲವು ಸಲ ಜಾಬ್ ಮಧ್ಯದಲ್ಲಿ ಯಾವ ಎರರ್ ಇಲ್ಲದೆ ನಿಂತುಬಿಡುತ್ತದೆ.

ವೈಟ್‌ಫೀಲ್ಡ್‌ನಿಂದ:
ಸೆಗ್‌ಫಾಲ್ಟ್‌ಗೆ ಕಾರಣ ಆ ಕಾಸ್ಟೇ ಸರ್. ಎಂಪಿಚ್‌ನಲ್ಲಿ ಸಿ ಹ್ಯಾಂಡಲ್ ನಿಜವಾಗಿಯೂ ಒಂದು ಇಂಟ್. ಓಪನ್ ಎಂಪಿಐನಲ್ಲಿ ಅದು ಪಾಯಿಂಟರ್. 64 ಬಿಟ್ ವಿಳಾಸವನ್ನು 32 ಬಿಟ್‌ಗೆ ತುರುಕಿದರೆ ಅರ್ಧ ವಿಳಾಸ ಹೋಯಿತು, ಅಲ್ವಾ? ಫೋರ್ಟ್ರಾನ್‌ನ ಹಳೆಯ ಹ್ಯಾಂಡಲ್ ಮಾತ್ರ ಎಲ್ಲ ಕಡೆಯೂ ಇಂಟಿಜರ್. ಹಾಗಾಗಿ ಪೈಥಾನ್ ಕಡೆ ಎಂಪಿಐ4ಪೈ ಲೈಬ್ರರಿಯ ‘ಪೈ2ಎಫ್’ ಕರೆಯಿರಿ, ಬಂದ ಸಂಖ್ಯೆಯನ್ನೇ ಕೆಳಗೆ ಕಳಿಸಿ. ಮಧ್ಯೆ ಸಿ ಪ್ಲಸ್ ಪ್ಲಸ್‌ಗೆ ಬೇಕಾದರೆ ‘ಎಂಪಿಐ_ಕಾಮ್_ಎಫ್2ಸಿ’ ಇದೆ. ಸಾಲ್ವರ್ ‘ಎಂಪಿಐ_ಎಫ್08’ ಮಾಡ್ಯೂಲ್ ಬಳಸುತ್ತಿದ್ದರೆ ಅಲ್ಲಿ ಕಮ್ಯುನಿಕೇಟರ್ ಒಂದು ಟೈಪ್. ಅದರ ‘ಎಂಪಿಐ_ವ್ಯಾಲ್’ಗೆ ಅದೇ ಸಂಖ್ಯೆ ಹಾಕಿ. 2025ರ ಎಂಪಿಐ 5.0ರಲ್ಲಿ ಎಲ್ಲರಿಗೂ ಒಂದೇ ಎಬಿಐ (ಕಂಪೈಲ್ ಆದ ಕೋಡ್ ಮಟ್ಟದ ಹೊಂದಾಣಿಕೆ) ಬಂದಿದೆ. ಆದರೆ ನಿಮ್ಮ ಕ್ಲಸ್ಟರ್‌ಗೆ ಅದು ಬರಲಿ ಅಂತ ಕಾಯುತ್ತಾ ಕೂರಬೇಡಿ.

ಮಲ್ಲೇಶ್ವರದಿಂದ:
ಮೇಲಿನದು ಸುಲಭದ ಭಾಗ. ಜಾಬ್ ನಿಲ್ಲುತ್ತಿದೆ ಅಂದಿರಲ್ಲ, ನಿಜವಾದ ಕೆಲಸ ಅಲ್ಲಿದೆ. ನಿಮ್ಮ ರ‍್ಯಾಪರ್‌ನ ಡಿಸ್ಟ್ರಕ್ಟರ್‌ನಲ್ಲಿ (ಆಬ್ಜೆಕ್ಟ್ ಅಳಿಯುವಾಗ ಓಡುವ ಕೋಡ್) ‘ಎಂಪಿಐ_ಕಾಮ್_ಫ್ರೀ’, ಅಂದರೆ ಕಮ್ಯುನಿಕೇಟರನ್ನು ಬಿಡುಗಡೆ ಮಾಡುವ ಕರೆ, ಇದೆಯಾ ನೋಡಿ. ಇದ್ದರೆ ನನ್ನ ಅನುಮಾನ ಅದರ ಮೇಲೇ.

ಫ್ರೀ ಎನ್ನುವುದು ಕಲೆಕ್ಟಿವ್ ಕರೆ. ಆ ಕಮ್ಯುನಿಕೇಟರ್‌ನಲ್ಲಿರುವ ಪ್ರತಿ ಪ್ರೊಸೆಸ್ಸೂ ಅದನ್ನು ಕರೆಯಬೇಕು, ಬೇರೆ ಕಲೆಕ್ಟಿವ್‌ಗಳ ಜೊತೆ ಒಂದೇ ಕ್ರಮದಲ್ಲಿ ಕರೆಯಬೇಕು. ಪೈಥಾನ್‌ನ ಗಾರ್ಬೇಜ್ ಕಲೆಕ್ಟರ್‌ಗೆ ಇದೆಲ್ಲ ಗೊತ್ತಿಲ್ಲ. ಒಂದು ರ‍್ಯಾಂಕಿನಲ್ಲಿ (ಅಂದರೆ ಒಂದು ಪ್ರೊಸೆಸ್ಸಿನಲ್ಲಿ) ಅದು ಈಗ ಎದ್ದರೆ ಇನ್ನೊಂದರಲ್ಲಿ ಯಾವಾಗಲೋ. ಒಬ್ಬ ಫ್ರೀಯಲ್ಲಿ ಕಾಯುತ್ತಿರುತ್ತಾನೆ, ಇನ್ನೊಬ್ಬ ಆಲ್‌ರೆಡ್ಯೂಸ್ ಎಂಬ ಬೇರೆ ಕಲೆಕ್ಟಿವ್‌ನಲ್ಲಿ. ಜಾಬ್ ನಿಂತಿತು. ಇನ್ನೂ ಕಷ್ಟದ ವಿಷಯ ಏನೆಂದರೆ, ಫ್ರೀಯನ್ನು ಸಾಮಾನ್ಯವಾಗಿ ಯಾರಿಗೂ ಕಾಯದ ಹಾಗೆ ಬರೆದಿರುತ್ತಾರೆ ಎಂದು ಸ್ಟ್ಯಾಂಡರ್ಡೇ ಹೇಳುತ್ತದೆ. ಹಾಗಾಗಿ ಒಂದು ಕಡೆ ವರ್ಷಗಟ್ಟಲೆ ಓಡಿದ ಕೋಡ್ ಇನ್ನೊಂದು ಕಡೆ ನಿಂತುಬಿಡಬಹುದು. ಪೆಟ್ಸ್‌ಸಿ ಎಂಬ ಗಣಿತ ಲೈಬ್ರರಿಯವರು ಇದಕ್ಕೆಂದೇ ‘ಪೆಟ್ಸ್‌ಸಿ ಗಾರ್ಬೇಜ್ ಕ್ಲೀನಪ್’ ಎಂಬ ಫಂಕ್ಷನ್ ಬರೆದಿದ್ದಾರೆ: ಕಸವನ್ನು ಪಕ್ಕಕ್ಕಿಟ್ಟು, ಎಲ್ಲ ರ‍್ಯಾಂಕುಗಳೂ ಸೇರಿ ಒಟ್ಟಿಗೆ ಎಸೆಯುವುದು.

ನಾವು ಎರಡು ಬೇರೆ ಕ್ಲಾಸ್ ಇಟ್ಟಿದ್ದೇವೆ. ಒಂದು ಎರವಲು, ಒಂದು ಸ್ವಂತ. ಎರವಲಿನದು ಹ್ಯಾಂಡಲನ್ನು ಹಿಡಿದುಕೊಂಡಿರುತ್ತದೆ ಅಷ್ಟೇ, ಎಂದೂ ಫ್ರೀ ಮಾಡುವುದಿಲ್ಲ. ಸ್ವಂತದ್ದು ‘ಎಂಪಿಐ_ಕಾಮ್_ಡ್ಯೂಪ್’ (ಕಮ್ಯುನಿಕೇಟರಿನ ಪ್ರತಿ) ಮಾಡಿ ಹುಟ್ಟುತ್ತದೆ, ಅದನ್ನು ಕಾಪಿ ಮಾಡಲಾಗದು, ಮೂವ್ ಮಾತ್ರ. ಪೈಥಾನ್ ಕಡೆ ‘ಕ್ಲೋಸ್’ ಎಂಬ ಮೆಥಡ್, ಜೊತೆಗೆ ‘ವಿತ್’ ಬ್ಲಾಕ್. ಡಿಸ್ಟ್ರಕ್ಟರ್ ಏನೂ ಮಾಡುವುದಿಲ್ಲ, ಕ್ಲೋಸ್ ಆಗಿಲ್ಲ ಎಂದು ಒಂದು ಎಚ್ಚರಿಕೆ ಬರೆಯುತ್ತದೆ. ಮೆಮೊರಿ ಸ್ವಲ್ಪ ಸೋರಿದರೆ ಸೋರಲಿ, ಸಾವಿರ ಕೋರ್‌ಗಳ ಜಾಬ್ ರಾತ್ರಿಯೆಲ್ಲ ಸುಮ್ನೆ ನಿಲ್ಲುವುದಕ್ಕಿಂತ ವಾಸಿ.

ಪ್ರಶ್ನೆ ಕೇಳಿದವರು:
ಹೌದು, ಡಿಸ್ಟ್ರಕ್ಟರ್‌ನಲ್ಲೇ ಫ್ರೀ ಇದೆ! ಹಾಗಾದರೆ ಡ್ಯೂಪನ್ನೇ ಬಿಟ್ಟರೆ ಹೇಗೆ? ಪ್ರತಿ ಟೈಮ್ ಸ್ಟೆಪ್‌ಗೂ ಹೊಸ ಸಾಲ್ವರ್ ಆಬ್ಜೆಕ್ಟ್ ಆಗುತ್ತದೆ ನಮ್ಮಲ್ಲಿ.

ಮಲ್ಲೇಶ್ವರದಿಂದ:
ಬಿಡಬೇಡಿ. ಡ್ಯೂಪ್ ಇಲ್ಲದಿದ್ದರೆ ಬಳಸುವವರ ಮೆಸೇಜೂ ನಿಮ್ಮ ಲೈಬ್ರರಿಯ ಮೆಸೇಜೂ ಒಂದೇ ಟ್ಯಾಗಿನಲ್ಲಿ ಬೆರೆತುಹೋಗಬಹುದು. ಆಗ ತಪ್ಪು ಉತ್ತರ ಬರುತ್ತದೆ, ಎರರ್ ಬರುವುದಿಲ್ಲ.

ಜಯನಗರದಿಂದ:
ಆದರೆ ಪ್ರತಿ ಸ್ಟೆಪ್‌ಗೂ ಡ್ಯೂಪ್ ಮಾಡಿ ಫ್ರೀ ಮಾಡದೆ ಬಿಟ್ಟರೆ ಇನ್ನೊಂದು ಕಡೆ ಸಿಕ್ಕಿಹಾಕಿಕೊಳ್ಳುತ್ತೀರಿ. ಕಮ್ಯುನಿಕೇಟರ್‌ಗಳಿಗೆ ಮಿತಿ ಇದೆ. ಎಂಪಿಚ್‌ನಲ್ಲಿ 2048 ಎಂಬ ಸಂಖ್ಯೆಯ ಜೊತೆ ‘ಟೂ ಮೆನಿ ಕಮ್ಯುನಿಕೇಟರ್ಸ್’ ಎಂಬ ಎರರ್ ನೋಡಿದವರಿಗೆ ಗೊತ್ತು. ಪೆಟ್ಸ್‌ಸಿ ಮಾಡುವುದನ್ನೇ ಮಾಡಿ: ಬಂದ ಕಮ್ಯುನಿಕೇಟರನ್ನು ಒಂದೇ ಸಲ ಡ್ಯೂಪ್ ಮಾಡಿ, ಆ ಪ್ರತಿಯನ್ನು ಮೂಲದ ಮೇಲೆಯೇ ಆಟ್ರಿಬ್ಯೂಟ್ ಆಗಿ ಅಂಟಿಸಿಡಿ. ಮುಂದಿನ ಆಬ್ಜೆಕ್ಟ್‌ಗಳೆಲ್ಲ ಅದನ್ನೇ ಹಂಚಿಕೊಳ್ಳಲಿ.

ಸಿ ಪ್ಲಸ್ ಪ್ಲಸ್‌ನಲ್ಲಿ ಗ್ಲೋಬಲ್ ಆಬ್ಜೆಕ್ಟ್ ಇದೆಯಾ ಅದನ್ನೂ ನೋಡಿಕೊಳ್ಳಿ. ಅದರ ಡಿಸ್ಟ್ರಕ್ಟರ್ ‘ಮೇನ್’ ಮುಗಿದ ಮೇಲೆ ಓಡುತ್ತದೆ, ಅಷ್ಟರಲ್ಲಿ ಎಂಪಿಐಯನ್ನು ಮುಗಿಸುವ ಫೈನಲೈಜ್ ಆಗಿಹೋಗಿರುತ್ತದೆ. ‘ಎಂಪಿಐ_ಫೈನಲೈಜ್ಡ್’ ಕೇಳಿಯೇ ಮುಂದುವರಿಯಿರಿ. ‘ಕಾಮ್_ಸೆಲ್ಫ್’ (ಆ ಪ್ರೊಸೆಸ್ ಒಂದೇ ಇರುವ ಕಮ್ಯುನಿಕೇಟರ್) ಮೇಲೆ ಆಟ್ರಿಬ್ಯೂಟ್ ಹಾಕಿದರೆ ಇನ್ನೂ ಒಳ್ಳೆಯದು: ಫೈನಲೈಜ್ ಬೇರೆ ಏನನ್ನೂ ಮುಟ್ಟುವ ಮೊದಲು ಅದರ ಡಿಲೀಟ್ ಕಾಲ್‌ಬ್ಯಾಕನ್ನು ಕರೆಯುತ್ತದೆ.

ವೈಟ್‌ಫೀಲ್ಡ್‌ನಿಂದ:
ಟೆಸ್ಟಿಗೆ ‘ಎಂಪಿಐ_ಕಾಮ್_ಕಂಪೇರ್’ ಸಾಕು. ಕೊಟ್ಟದ್ದನ್ನೂ ಸಾಲ್ವರ್ ಒಳಗಿರುವುದನ್ನೂ ಹೋಲಿಸಿ. ‘ಐಡೆಂಟ್’ ಬಂದರೆ ಎರವಲು, ‘ಕಾಂಗ್ರುಯೆಂಟ್’ ಬಂದರೆ ಡ್ಯೂಪ್ ಆಗಿದೆ. ಎರಡೂ ಎಂಪಿಐಗಳಲ್ಲಿ ಬಿಲ್ಡ್ ಮಾಡಿ ಓಡಿಸಿ. ಒಂದು ರ‍್ಯಾಂಕಿನಲ್ಲಿ ಮಾತ್ರ ಬೇಕೆಂದೇ ‘ಜಿಸಿ.ಕಲೆಕ್ಟ್’ ಕರೆದು ಜಾಬ್ ನಿಲ್ಲುತ್ತದಾ ಅಂತಲೂ ನೋಡಿ.