ಹಕ್ಕಿಗೆಂದು ತಟ್ಟೆ ಇಟ್ಟರೆ ಮಂಗ ಬಂತು: ಏನು ಮಾಡಲಿ?

ಪ್ರಶ್ನೆ (ಹೊಸನಗರ ತಾಲ್ಲೂಕಿನಿಂದ):
ಸರ್, ನಮ್ಮದು ಒಂಟಿ ಮನೆ. ಮುಂದೆ ಅಂಗಳ, ಹಿಂದೆ ಅಡಿಕೆ ತೋಟ, ಅದರಾಚೆ ಸೊಪ್ಪಿನ ಬೆಟ್ಟ. ಮಗಳು ಬೆಂಗಳೂರಿನಿಂದ ಕಾಳು ಹಾಕುವ ಫೀಡರ್ ತಂದು ಪೇರಲೆ ಮರಕ್ಕೆ ಕಟ್ಟಿದಳು. ಪಕ್ಕದಲ್ಲಿ ತಟ್ಟೆ ಇಟ್ಟು ನಾನೂ ಅನ್ನ, ಬಾಳೆಹಣ್ಣು ಹಾಕುತ್ತಿದ್ದೆ. ಮೊದಲು ಕಾಗೆ ಬಂದವು, ರಾತ್ರಿ ಇಲಿ, ಆಮೇಲೆ ಮಂಗನ ಹಿಂಡು. ಫೀಡರ್ ಮುರಿದದ್ದಲ್ಲದೆ ಹೋಗುವಾಗ ನಾಲ್ಕು ಹೆಂಚನ್ನೂ ಒಡೆದು ಹೋದವು. ತೋಟದಲ್ಲಿ ಇಷ್ಟೊಂದು ಹಕ್ಕಿ ಕೂಗುತ್ತವೆ, ಅಂಗಳಕ್ಕೆ ಮಾತ್ರ ಒಂದೂ ಬರುವುದಿಲ್ಲ. ಹೇಗೆ ಕರೆಯುವುದು?

ಉತ್ತರ (ಹಕ್ಕಿ ಗೈಡ್):
ಅಕ್ಕಾ, ಮೊದಲು ಆ ತಟ್ಟೆ ಒಳಗಿಡಿ. ಮಲೆನಾಡಿನಲ್ಲಿ ಬಾಳೆಹಣ್ಣು ಹೊರಗಿಟ್ಟರೆ ಮಂಗನಿಗೆ ಅಕ್ಷತೆ ಕೊಟ್ಟು ಕರೆದ ಹಾಗೆ.

ಫೀಡರ್ ಚಳಿದೇಶದವರ ಅಭ್ಯಾಸ. ಅಲ್ಲಿ ಹಿಮ ಬಿದ್ದರೆ ಮೇವೇ ಮುಚ್ಚಿಹೋಗುತ್ತದೆ. ನಮ್ಮಲ್ಲಿ ಆ ಕಷ್ಟ ಇಲ್ಲ. ಕಾಳು ತಿನ್ನುವವು ರಾಟವಾಳ, ಗುಬ್ಬಿ, ಬೆಳವದಂಥ ಕೆಲವೇ. ಪಿಕಳಾರಕ್ಕೂ ಕುಟ್ರಕ್ಕೂ ಹಣ್ಣು ಬೇಕು, ಸೂರಕ್ಕಿಗೆ ಹೂವಿನ ರಸ, ಮಡಿವಾಳಕ್ಕೂ ಕಾಜಾಣಕ್ಕೂ ಹುಳು. ಅದೆಲ್ಲ ನಿಮ್ಮ ತೋಟದಲ್ಲೇ ಇದೆ. ಹಾಗಿರುವಾಗ ನಿಮ್ಮ ಅನ್ನಕ್ಕೆ ಯಾಕೆ ಬರುತ್ತವೆ ಹೇಳಿ?

ಇಲ್ಲದಿರುವುದು ನೀರು. ನಗಬೇಡಿ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಸುರಿದರೂ ಫೆಬ್ರವರಿ ಬಂತೆಂದರೆ ಸಣ್ಣ ಹಳ್ಳಗಳು ಬತ್ತಲು ಶುರು. ಮೇ ವರೆಗೆ ಅಂಗಳದಲ್ಲಿ ನೀರಿಟ್ಟವರ ಮನೆಗೇ ಹಕ್ಕಿ. ಹೂಕುಂಡದ ಕೆಳಗಿಡುವ ಅಗಲದ ಮಣ್ಣಿನ ತಟ್ಟೆ ಸಾಕು. ನೀರು ಎರಡು ಇಂಚಿಗಿಂತ ಆಳ ಬೇಡ, ಒಳಗೊಂದು ಒರಟು ಕಲ್ಲಿರಲಿ. ಸ್ಟೀಲ್ ಪಾತ್ರೆ ಇಡಬೇಡಿ, ಕಾಲು ಜಾರುತ್ತದೆ, ಬಿಸಿಲಿಗೆ ಕಾಯುತ್ತದೆ. ಪೊದೆಯಿಂದ ಐದಾರು ಅಡಿ ದೂರ ಇಡಿ. ತೀರಾ ಹತ್ತಿರವಾದರೆ ಬೆಕ್ಕು ಅಡಗಿ ಕೂರುತ್ತದೆ. ತೀರಾ ದೂರವಾದರೆ ಹಕ್ಕಿಗೆ ಬಿಜ್ಜುವಿನ (ಸಣ್ಣ ಗಿಡುಗ) ಭಯ. ನೀರು ದಿನಾ ಬದಲಿಸಿ, ವಾರಕ್ಕೆರಡು ಸಲ ತೆಂಗಿನ ನಾರಿನಲ್ಲಿ ತಿಕ್ಕಿ. ಆಗ ಸೊಳ್ಳೆಯೂ ಆಗುವುದಿಲ್ಲ. ತೋಟಕ್ಕೆ ಔಷಧಿ ಹೊಡೆಯುವ ದಿನ ತಟ್ಟೆ ಬೋರಲು ಹಾಕುವುದನ್ನು ಮರೆಯಬೇಡಿ.

ಇನ್ನೊಂದು ಉಪಾಯ ಇದೆ. ಹಳೆಯ ಕ್ಯಾನಿಗೆ ಸೂಜಿಯಲ್ಲಿ ತೂತು ಮಾಡಿ, ನೀರು ತುಂಬಿಸಿ, ತಟ್ಟೆಯ ಮೇಲೆ ನೇತುಹಾಕಿ. ಹನಿ ಬೀಳುವ ಸದ್ದು ಕೇಳಿದರೆ ಪೊದೆಯಲ್ಲಿದ್ದದ್ದೂ ಹೊರಗೆ ಬರುತ್ತದೆ. ರಾಜಹಕ್ಕಿ ಸಂಜೆ ಹೊತ್ತಿಗೆ ಹಾರಿ ಬಂದು ನೀರಿಗೆ ಮುಳುಕು ಹಾಕಿ ಹೋಗುವುದನ್ನು ಒಮ್ಮೆ ನೋಡಿದರೆ ಫೀಡರ್ ದುಡ್ಡು ಮರೆತೇ ಹೋಗುತ್ತದೆ.

ಗಿಡದ ವಿಷಯಕ್ಕೆ ಬಂದರೆ, ಬೇಲಿಗೆ ದಾಸವಾಳ, ಕೇಪಳ. ಜಾಗವಿದ್ದರೆ ಅಂಚಿಗೊಂದು ಅತ್ತಿ. ಸೂಜಿಮೆಣಸು ನೀವು ನೆಡುವುದೇ ಬೇಡ, ಪಿಕಳಾರ ನೆಡುತ್ತದೆ. ಹಕ್ಕಿಗೆ ಮೆಣಸಿನ ಖಾರ ಹತ್ತುವುದಿಲ್ಲ. ಹಣ್ಣು ನುಂಗಿ ಹಿಕ್ಕೆಯಲ್ಲಿ ಬೀಜ ಹಾಕಿ ಹೋಗುತ್ತದೆ. ನಮ್ಮ ಹಿತ್ತಲ ಸೂಜಿಮೆಣಸಿಗೆ ನಾವ್ಯಾರೂ ಬೀಜ ಹಾಕಿದ್ದಲ್ಲ.

ಪ್ರಶ್ನೆ (ಅವರೇ):
ನೀವು ಹಿಂದೊಮ್ಮೆ ದರಗು (ಉದುರಿದ ಒಣ ಎಲೆ) ಗುಡಿಸಬೇಡಿ ಅಂದಿದ್ದಿರಿ. ನಮ್ಮ ಕಡೆ ಮಂಗನ ಕಾಯಿಲೆಯ ಭಯ ಇದೆ. ಅತ್ತೆ ಒಂದು ಎಲೆ ಬೀಳಲೂ ಬಿಡುವುದಿಲ್ಲ!

ಉತ್ತರ:
ಅತ್ತೆ ಹೇಳುವುದು ಸರಿ. 1957ರಲ್ಲಿ ಈ ಕಾಯಿಲೆ ಮೊದಲು ಪತ್ತೆಯಾಗಿದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ದರಗಿನಲ್ಲಿ ಅಡಗಿರುವ ಉಣುಗಿನಿಂದ (ರಕ್ತ ಹೀರುವ ಉಣ್ಣೆ ಹುಳು). ಡಿಸೆಂಬರ್‌ನಿಂದ ಮೇ ವರೆಗೆ ಜಾಸ್ತಿ. ನಾನು ಅಂದಿದ್ದು ಇಡೀ ಅಂಗಳಕ್ಕಲ್ಲ, ಅಷ್ಟನ್ನು ಬಿಡಿಸಿ ಹೇಳಬೇಕಿತ್ತು. ಮನೆಯ ಸುತ್ತ, ಮಕ್ಕಳು ಆಡುವಲ್ಲಿ, ಕೊಟ್ಟಿಗೆ ಹತ್ತಿರ ಗುಡಿಸಿಯೇ ಇಡಿ. ಯಾರೂ ಓಡಾಡದ ತೋಟದ ಒಂದು ಮೂಲೆಯಲ್ಲಿ ಮಾತ್ರ ದರಗು ಬಿಡಿ. ನೆಲಸಿಳ್ಳಾರ, ಚಳಿಗಾಲದ ನವರಂಗ ಎರಡೂ ಎಲೆ ಮಗುಚಿ ಹುಳು ತಿನ್ನುವ ಹಕ್ಕಿಗಳು. ಗುಡಿಸಿದ ನೆಲದಲ್ಲಿ ಅವಕ್ಕೇನೂ ಸಿಗುವುದಿಲ್ಲ. ನಿಮ್ಮ ಊರಿನ ಆಸುಪಾಸಿನಲ್ಲಿ ಮಂಗ ಸತ್ತ ಸುದ್ದಿ ಇದ್ದರೆ ಆ ವರ್ಷ ಅದೂ ಬೇಡ. ಸತ್ತ ಮಂಗದ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಬೆಟ್ಟಕ್ಕೆ ಹಕ್ಕಿ ನೋಡಲು ಹೋಗುವುದಾದರೆ ಉಣುಗು ಹತ್ತದಂತೆ ಮೈಗೆ ಡೆಪಾ ಎಣ್ಣೆ ಹಚ್ಚಿ, ಬಂದಮೇಲೆ ಬಿಸಿನೀರು ಸ್ನಾನ, ಬಟ್ಟೆಯೂ ಬಿಸಿನೀರಿಗೆ.

ಉಣುಗನ್ನು ಮೈಮೇಲೆ ಹೊತ್ತು ತರುವವರಲ್ಲಿ ಮಂಗವೂ ಒಂದು. ಬಾಳೆಹಣ್ಣಿನ ತಟ್ಟೆ ಬೇಡ ಅಂದಿದ್ದು ಬರೀ ಹೆಂಚಿನ ಚಿಂತೆಗಲ್ಲ.

ಪ್ರಶ್ನೆ (ಶಿವಮೊಗ್ಗ):
ಕಪ್ಪು ಬಿಳುಪಿನ ಹಕ್ಕಿಯೊಂದು ದಿನಾ ಬಂದು ಸ್ಕೂಟರ್ ಕನ್ನಡಿ ಕುಟ್ಟುತ್ತಿದೆ. ಹುಚ್ಚೇ?

ಉತ್ತರ:
ಮಡಿವಾಳ ಗಂಡು. ಮಾರ್ಚ್‌ನಿಂದ ಜುಲೈ ಗೂಡಿನ ಕಾಲ. ಕನ್ನಡಿಯಲ್ಲಿ ಕಂಡದ್ದು ಬೇರೆ ಗಂಡು ಅಂದುಕೊಂಡಿದೆ. ಹಳೆ ಕಾಲುಚೀಲ ಹಾಕಿ ಕನ್ನಡಿ ಮುಚ್ಚಿ.

ಪ್ರಶ್ನೆ (ಸಾಗರ):
ಕಳೆದ ಅಕ್ಟೋಬರ್‌ನಲ್ಲಿ ಹಸಿರು, ನೀಲಿ, ಕೆಂಪು ಎಲ್ಲ ಬಣ್ಣದ ಗಿಡ್ಡ ಬಾಲದ ಹಕ್ಕಿ ಗಾಜಿಗೆ ಬಡಿದು ಬಿತ್ತು. ನೀರು ಕುಡಿಸಿದೆವು, ಉಳಿಯಲಿಲ್ಲ. ಮತ್ತೆ ಹಾಗಾದರೆ? ಮಕ್ಕಳು ಸಾಕೋಣ ಅಂತಾರೆ.

ಉತ್ತರ:
ಬೇಸರ ಮಾಡಿಕೊಳ್ಳಬೇಡಿ. ಅದು ನವರಂಗ. ಹಿಮಾಲಯದ ತಪ್ಪಲು, ಮಧ್ಯ ಭಾರತದ ಕಾಡುಗಳಿಂದ ರಾತ್ರಿ ಹೊತ್ತು ಹಾರಿ ಬರುತ್ತದೆ. ದಣಿದು ಬಂದಾಗ ಗಾಜು, ದೀಪ ಎರಡೂ ಅದಕ್ಕೆ ಗೊಂದಲ. ಮುಂದಿನ ಸಲ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ, ಅದರಲ್ಲಿಟ್ಟು ಮುಚ್ಚಿ, ಸದ್ದಿಲ್ಲದ ಕಡೆ ಇಡಿ. ಬಾಯಿಗೆ ನೀರು ಬಿಡಬೇಡಿ, ಉಸಿರಿನ ದಾರಿಗೆ ಹೋಗುತ್ತದೆ. ಒಂದೆರಡು ಗಂಟೆ ಬಿಟ್ಟು ಮರದ ಬುಡದಲ್ಲಿ ಪೆಟ್ಟಿಗೆ ತೆರೆಯಿರಿ. ಹಾರದಿದ್ದರೆ ಅರಣ್ಯ ಇಲಾಖೆಗೆ ಹೇಳಿ. ಸಾಕುವ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ. ಗಾಜಿನ ಹೊರಮೈಗೆ ಎರಡೆರಡು ಇಂಚಿಗೊಂದು ಸುಣ್ಣದ ಚುಕ್ಕೆ ಇಟ್ಟರೆ ಬಡಿಯುವುದು ಕಡಿಮೆಯಾಗುತ್ತದೆ. ಆ ಕೆಲಸವನ್ನು ಮಕ್ಕಳಿಗೇ ಕೊಡಿ.

ಪ್ರಶ್ನೆ (ಹೊಸನಗರದ ಅಕ್ಕ):
ಕೊನೆಯದಾಗಿ ಒಂದು. ಮಳೆಗಾಲದಲ್ಲಿ ಬೆಳಗಿನ ಜಾವ ಹಳ್ಳದ ಕಡೆ ಯಾರೋ ಹುಡುಗ ಶಿಳ್ಳೆ ಹಾಕುತ್ತಾನೆ. ರಾಗ ಶುರು ಮಾಡಿ ಅರ್ಧಕ್ಕೇ ಬಿಡುತ್ತಾನೆ. ನಮ್ಮವರು ಟಾರ್ಚ್ ಹಿಡಿದು ಹುಡುಕಿ ಬಂದರು, ಯಾರೂ ಇಲ್ಲ.

ಉತ್ತರ:
ಆ ಹುಡುಗ ಸಿಳ್ಳಾರ ಹಕ್ಕಿ, ಮಲಬಾರ್ ವಿಸ್ಲಿಂಗ್ ಥ್ರಶ್. ಕಡುನೀಲಿ ಮೈ, ಹಣೆ ಮತ್ತು ಹೆಗಲಲ್ಲಿ ಮಿಂಚುವ ನೀಲಿ. ಟಾರ್ಚ್ ಬೇಡ. ಬೆಳಕು ಹರಿಯುವ ಹೊತ್ತಿಗೆ ಹಳ್ಳದ ಬಂಡೆಗಳನ್ನು ನೋಡುತ್ತಾ ಸುಮ್ನೆ ಕೂತುಕೊಳ್ಳಿ. ಉಂಬಳ (ಜಿಗಣೆ) ಹತ್ತದ ಹಾಗೆ ಕಾಲಿಗೆ ಉಪ್ಪು, ಸುಣ್ಣ ಹಚ್ಚಿಕೊಂಡು ಹೋಗಿ.