ಏನೂ ಗೊತ್ತಿಲ್ದೆ ಸಿನಿಮಾಕ್ಕೆ ಹೋಗೋದು, ಅದೂ ಮನೆಮಂದಿ ಜೊತೆ: ಹೇಗೆ ನಿಭಾಯಿಸ್ತೀರಿ?

ಹಿಂದಿನಸಾಲು (ಮೈಸೂರು):
ನಾನು ಟ್ರೇಲರ್ ನೋಡಲ್ಲ, ವಿಮರ್ಶೆ ಓದಲ್ಲ. ಸಿನಿಮಾ ಹೆಸರು, ಥಿಯೇಟರು, ಶೋ ಟೈಮು ಗೊತ್ತಿದ್ರೆ ಸಾಕು. ಆದ್ರೆ ಈಗೀಗ ಕಥೆ ಕಿವಿಗೆ ಬೀಳದ ಹಾಗೆ ನೋಡ್ಕೊಳ್ಳೋದೇ ಒಂದು ಉದ್ಯೋಗ ಆಗಿದೆ. ಬೆಳಗಿನ ಶೋ ಇಂಟರ್‌ವಲ್ ಹೊತ್ತಿಗೇ 'ಫಸ್ಟ್ ಹಾಫ್ ಬೆಂಕಿ' ಅಂತ ಪೋಸ್ಟ್ ಬಂದಿರುತ್ತೆ. ಥಿಯೇಟರ್ ಗೇಟಲ್ಲಿ ಮೈಕ್ ಹಿಡಿದು ನಿಂತವರು 'ಹೇಗಿದೆ ಸರ್?' ಅಂದದ್ದೇ ತಡ, ಆ ಪುಣ್ಯಾತ್ಮ ಕ್ಲೈಮ್ಯಾಕ್ಸನ್ನೇ ಬಿಚ್ಚಿಡ್ತಾನೆ. ಸಂಜೆಯೊಳಗೆ ಆ ವಿಡಿಯೋ ಮನೆ ವಾಟ್ಸಾಪ್ ಗ್ರೂಪಲ್ಲಿ. ಕಳಿಸೋರು ಯಾವಾಗ್ಲೂ ನಮ್ಮ ಭಾವನೇ.

ಅದನ್ನ ಹೇಗೋ ತಪ್ಪಿಸ್ಕೋತೀನಿ. ಮನೆಯವಳಿಗೆ ಉತ್ತರ ಕೊಡೋಕೆ ಆಗ್ತಿಲ್ಲ. 'ಒಬ್ರೇ ಹೋಗೋದಾದ್ರೆ ಕಣ್ಣು ಕಟ್ಕೊಂಡು ಬೇಕಾದ್ರೂ ಹೋಗಿ. ಮಗು ಇದೆ, ನಿಮ್ಮಮ್ಮ ಇದಾರೆ' ಅಂತಾಳೆ. ನ್ಯಾಯವಾದ ಮಾತೇ. ಮಗಳು ಮೂರನೇ ಕ್ಲಾಸು. ಮಚ್ಚು ಲಾಂಗು ಕಂಡ್ರೆ ರಾತ್ರಿಯಿಡೀ ನಿದ್ದೆ ಮಾಡಲ್ಲ, ಮಾಡೋಕೆ ಬಿಡೋದೂ ಇಲ್ಲ. ಕಥೆ ತಿಳೀಬಾರ್ದು, ಇಷ್ಟು ಮಾತ್ರ ತಿಳೀಬೇಕು. ದಾರಿ ಇದೆಯಾ?

ಯು_ಎ:
ಸೆನ್ಸಾರ್ ಸರ್ಟಿಫಿಕೇಟ್ ನೋಡಿ. ಮೊದಲು ಬರೀ ಯುಎ ಅಂತ ಒಂದೇ ಇತ್ತು, 2024ರ ನವೆಂಬರ್‌ನಿಂದ ಅದನ್ನ ಯುಎ 7+, 13+, 16+ ಅಂತ ಮೂರು ಮಾಡಿದ್ದಾರೆ. ಮೂರನೇ ಕ್ಲಾಸಿನ ಮಗುವಿಗೆ 13+ ಅಂದ್ರೆ ಎರಡು ಸಲ ಯೋಚಿಸಿ. ಗೇಟಲ್ಲಿ ತಡೆಯಲ್ಲ, ಅದು ಹೆತ್ತವರಿಗೆ ಸೂಚನೆ ಅಷ್ಟೇ. ಎ ಇದ್ರೆ ಮಾತ್ರ 18 ತುಂಬದವರನ್ನ ಬಿಡೋ ಹಾಗಿಲ್ಲ. ಅವಧಿ ಎಷ್ಟು ಅಂತಾನೂ ನೋಡ್ಕೊಳ್ಳಿ, ಅಮ್ಮನ ಮಂಡಿಗೆ ಅದು ಮುಖ್ಯ.

ಟೆಂಟ್ ಗಿರಾಕಿ:
'ನಮ್ಮ ಕಾಲದಲ್ಲಿ ಏನೂ ಗೊತ್ತಿಲ್ದೆ ಹೋಗ್ತಿದ್ವಿ' ಅಂತ ಯಾರಾದ್ರೂ ಬರೆಯೋ ಮುಂಚೆ ಹೇಳಿಬಿಡ್ತೀನಿ, ಅದು ಸುಳ್ಳು. ಟೆಂಟ್ ಸಿನಿಮಾ ಹೊರಗೆ ಆ ಚಿತ್ರದ ಹಾಡಿನ ಪುಸ್ತಕ ಮಾರೋರು. ಮೊದಲ ಪುಟದಲ್ಲೇ ಕಥಾಸಾರಾಂಶ! ನಾಯಕಿಗೆ ಕಷ್ಟ ಬರೋವರೆಗೂ ಹೇಳಿ, 'ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ' ಅಂತ ನಿಲ್ಲಿಸೋರು. 'ನಮೋ ವೆಂಕಟೇಶ' ಹಾಡು ಹಾಕಿದ್ರು ಅಂದ್ರೆ ಟಿಕೆಟ್ ಶುರು ಅಂತ ಲೆಕ್ಕ, ಅಷ್ಟರಲ್ಲಿ ಅರ್ಧ ಕಥೆ ಬಾಯಿಪಾಠ ಆಗಿರ್ತಿತ್ತು. ಆದ್ರೆ ಎಲ್ಲಿ ನಿಲ್ಲಿಸಬೇಕು ಅನ್ನೋದು ಆ ಪುಸ್ತಕ ಬರೆದವರಿಗೆ ಗೊತ್ತಿತ್ತು ನೋಡಿ. ನಿಮ್ಮ ಭಾವನಿಗೆ ಗೊತ್ತಿಲ್ಲ.

ನಾಲೆ ಏರಿ:
2016ರಲ್ಲಿ 'ತಿಥಿ'ಗೆ ಹೋದಾಗ ನಂಗೆ ಗೊತ್ತಿದ್ದದ್ದು ಹೆಸರೊಂದೇ. ಗೋಳಿನ ಸಿನಿಮಾ ಇರ್ಬೇಕು ಅಂತ ಕೂತಿದ್ರೆ, ಶುರುವಲ್ಲೇ ಸೆಂಚುರಿ ಗೌಡ ಅನ್ನೋ ಮುದುಕ ಬೀದೀಲಿ ಹೋಗೋರನ್ನೆಲ್ಲ ಬಾಯಿಗೆ ಬಂದಂಗೆ ಬೈತಾ ಕೂತವ್ನೆ! ಅದ್ರಲ್ಲಿ ಪಾತ್ರ ಮಾಡಿದೋರು ನಟರಲ್ಲ, ನಮ್ಮ ಮಂಡ್ಯ ಕಡೆ ಹಳ್ಳಿಯವ್ರು, ಹಿಂದಿನ ವರ್ಷ ಲೊಕಾರ್ನೋ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂದಿತ್ತು ಅನ್ನೋದೆಲ್ಲ ಆಮೇಲೆ ತಿಳೀತು. ಮೊದಲೇ ತಿಳಿದಿದ್ರೆ 'ನಟರಲ್ದೆ ಇದ್ರೂ ಪರ್ವಾಗಿಲ್ಲ' ಅಂತ ಮಾರ್ಕ್ಸ್ ಹಾಕ್ಕೊಂಡು ಕೂರ್ತಿದ್ದೆ. ಗೊತ್ತಿಲ್ದೇ ಇದ್ದಿದ್ಕೆ ಪಕ್ಕದೂರಿನ ಪಂಚಾಯ್ತಿ ನೋಡ್ದಂಗಿತ್ತು.

ಕುಂದಾಪ್ರ_ಬಯಲಾಟ:
ಕಥೆ ಗೊತ್ತಾದ್ರೆ ಮಜಾ ಹೋಗುತ್ತೆ ಅನ್ನೋದನ್ನ ನಾನಂತೂ ಒಪ್ಪಲ್ಲ ಮಾರಾಯ್ರೆ. ಯಕ್ಷಗಾನದ 'ಗದಾಯುದ್ಧ' ಪ್ರಸಂಗದಲ್ಲಿ ಕೌರವ ತೊಡೆ ಮುರಿದು ಬೀಳ್ತಾನೆ ಅಂತ ಸಣ್ಣ ಮಕ್ಕಳಿಗೂ ಗೊತ್ತು. ಆದ್ರೂ ಬೆಳಗಿನ ತನಕ ಕೂತು ನೋಡುವುದಿಲ್ವಾ?

ಹಿಂದಿನಸಾಲು:
ಕುಂದಾಪ್ರದವರೇ, ಕೌರವ ಬೀಳ್ತಾನೆ ಅಂತ ಗೊತ್ತು ಸರಿ. ಆದ್ರೆ ಬೀಳೋ ಮುಂಚೆ ಏನು ಮಾತಾಡ್ತಾನೆ ಅನ್ನೋದು ಆವತ್ತಿನ ರಾತ್ರಿಗೆ ಬಿಟ್ಟದ್ದು. ಅರ್ಥಗಾರಿಕೆ, ಅಂದ್ರೆ ಪಾತ್ರಧಾರಿಯ ಮಾತು, ರಂಗಸ್ಥಳದಲ್ಲೇ ಹುಟ್ಟುತ್ತೆ. ನಿನ್ನೆ ಭೀಮನ ಹತ್ರ ಆಡಿದ ಮಾತನ್ನೇ ಇವತ್ತೂ ಆಡಬೇಕು ಅಂತಿಲ್ಲ. ಸಿನಿಮಾ ಹಾಗಲ್ಲ. ಮಾರ್ನಿಂಗ್ ಶೋನಲ್ಲಿ ಹೇಳಿದ್ದನ್ನೇ ಸೆಕೆಂಡ್ ಶೋನಲ್ಲೂ ಹೇಳುತ್ತೆ. ಹೊಸದಾಗಿ ಕೇಳಿಸಿಕೊಳ್ಳೋಕೆ ನನಗೆ ಸಿಗೋದು ಒಂದೇ ಸಲ. ಅದನ್ನ ಯಾಕೆ ಭಾವನ ಕೈಗೆ ಕೊಡಲಿ?

ಸರ್ಟಿಫಿಕೇಟ್ ಉಪಾಯ ಹಿಡಿಸ್ತು, ಥ್ಯಾಂಕ್ಸ್. ಇನ್ಮೇಲೆ ಅದು ಮನೆಯವಳ ಇಲಾಖೆ. ಬೇಕಾದ್ರೆ ವಿಮರ್ಶೆನೂ ಓದ್ಕೊಳ್ಳಲಿ, ನನಗೆ ಹೂಂ ಅಥವಾ ಉಹೂಂ ಅಷ್ಟೇ ಹೇಳಲಿ.

ಟೆಂಟ್ ಗಿರಾಕಿ:
ಅವರ ಮುಖ ನೋಡಿದ್ರೆ ಕಥೆ ಗೊತ್ತಾಗಿಬಿಡಲ್ವಾ?

ಹಿಂದಿನಸಾಲು:
ಮುಖ ಬಿಡಿ ಸರ್. ಹೊರಡುವಾಗ ವ್ಯಾನಿಟಿ ಬ್ಯಾಗಿಗೆ ಕರ್ಚೀಫ್ ಎರಡು ಇಟ್ಕೊಂಡ್ಲು ಅಂದ್ರೆ ಮುಗೀತು.