ಹತ್ತು ಮೀಟರ್ ಏರ್ ರೈಫಲ್‌ಗೆ ಸ್ಕೋಪ್ ಬೇಕೇ, ಪೀಪ್ ಸೈಟ್ ಸಾಕೇ?

ಹಾರಂಗಿ (ಪ್ರಶ್ನೆ):

ಮಾನ್ಯರೇ, ಒಂಬತ್ತನೆಯ ತರಗತಿಯಲ್ಲಿರುವ ನನ್ನ ಮಗಳು ಬೇಸಿಗೆ ರಜೆಯಲ್ಲಿ ಮೈಸೂರಿನ ಒಂದು ಶೂಟಿಂಗ್ ರೇಂಜ್‌ನಲ್ಲಿ ತರಬೇತಿ ಪಡೆದು ಬಂದಿದ್ದಾಳೆ. ಈಗ ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಗಳಲ್ಲಿ ಭಾಗವಹಿಸಬೇಕೆಂಬುದು ಅವಳ ಹಟ. ಮನೆಯಲ್ಲಿ .177 ಬೋರಿನ (ನಳಿಕೆಯ ಒಳವ್ಯಾಸ .177 ಇಂಚು), ನಳಿಕೆಯನ್ನು ಬಗ್ಗಿಸಿ ಸ್ಪ್ರಿಂಗ್ ಏರಿಸುವ ಹಳೆಯ ಏರ್‌ಗನ್ ಇದೆ. ಅದಕ್ಕೆ ಗುರಿ ಹಿಡಿಯಲು ಇರುವುದು ಹಿಂದೊಂದು ಕಚ್ಚು, ಮುಂದೊಂದು ಮೊನೆಯ ತೆರೆದ ಸೈಟ್ ಮಾತ್ರ. ಅಂಗಡಿಯವರು 3–9×40 ಸ್ಕೋಪ್ (ಗುರಿಯನ್ನು ಮೂರರಿಂದ ಒಂಬತ್ತು ಪಟ್ಟು ಹಿಗ್ಗಿಸಿ ತೋರಿಸುವ, 40 ಮಿಲಿಮೀಟರ್ ಮಸೂರದ ದೂರದರ್ಶಕ) ಹಾಕಿಸಿದರೆ ಗುರಿ ತಾನಾಗಿಯೇ ಕೂರುತ್ತದೆ ಎನ್ನುತ್ತಾರೆ. ಆದರೆ ಅವರ ಬಳಿಯಿದ್ದ ಸ್ಕೋಪನ್ನು ಒಂಬತ್ತು ಪಟ್ಟಿಗೆ ತಿರುಗಿಸಿ ಅಂಗಡಿಯೊಳಗಿನ ಕ್ಯಾಲೆಂಡರ್ ನೋಡಿದಾಗ ಅಂಕಿಗಳೆಲ್ಲ ಮಸುಕಾಗಿ ಕಂಡವು. ಸ್ಕೋಪ್ ಕೊಳ್ಳುವುದು ಸರಿಯೇ? ಕೊಂಡರೆ ಅದನ್ನು ಕೂರಿಸಿ ಹೊಂದಿಸುವ ಕ್ರಮ ಹೇಗೆ? ನಮ್ಮೂರಿನ ಕೈಲ್‌ಪೊಳ್ದ್ ಹಬ್ಬದ ಸ್ಪರ್ಧೆಯ ಏರ್‌ಗನ್ ವಿಭಾಗಕ್ಕೂ ಅದು ಉಪಯೋಗವಾದೀತೇ ಎಂಬುದನ್ನೂ ತಿಳಿದವರು ದಯವಿಟ್ಟು ಹೇಳಬೇಕು.

ಕರಿಬಿಲ್ಲೆ (ಉತ್ತರ):

ಹಾರಂಗಿಯವರೇ, ಮಗಳ ಉದ್ದೇಶ ಹತ್ತು ಮೀಟರ್ ಸ್ಪರ್ಧೆಯೇ ಆಗಿದ್ದರೆ ಸ್ಕೋಪಿಗೆ ಹಣ ಹಾಕಬೇಡಿ. ಅಂತರರಾಷ್ಟ್ರೀಯ ಶೂಟಿಂಗ್ ನಿಯಮಗಳ ಪ್ರಕಾರ ಏರ್ ರೈಫಲ್ ಸೈಟಿನಲ್ಲಿ ಮಸೂರವೇ ಇರಕೂಡದು. ದೃಷ್ಟಿದೋಷವಿರುವವರು ಕನ್ನಡಕ ಧರಿಸಬಹುದೇ ಹೊರತು ಮಸೂರವನ್ನು ರೈಫಲ್ಲಿಗೆ ಜೋಡಿಸುವಂತಿಲ್ಲ. ಅಭಿನವ್ ಬಿಂದ್ರಾ ಅವರು 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನವನ್ನೂ ಗಗನ್ ನಾರಂಗ್ ಅವರು 2012ರಲ್ಲಿ ಲಂಡನ್‌ನಲ್ಲಿ ಕಂಚನ್ನೂ ಗೆದ್ದದ್ದು ಮಸೂರವಿಲ್ಲದ ಪೀಪ್ ಸೈಟಿನಿಂದಲೇ, ಅಂದರೆ ಸಣ್ಣ ರಂಧ್ರದ ಮೂಲಕ ನೋಡಿ ಗುರಿ ಹಿಡಿಯುವ ಸೈಟಿನಿಂದಲೇ. ಸ್ಕೋಪಿಗೆ ಅವಕಾಶವಿರುವುದು ಗುರಿ ಅಡ್ಡಲಾಗಿ ಚಲಿಸುವ ‘ರನ್ನಿಂಗ್ ಟಾರ್ಗೆಟ್’ ಸ್ಪರ್ಧೆಯಲ್ಲಿ. ಅದು ಬೇರೆಯೇ ವಿದ್ಯೆ.

ಪೀಪ್ ಸೈಟಿನ ಗುಣ ಅರ್ಥವಾಗಬೇಕಾದರೆ ಒಂದು ಲೆಕ್ಕ ನೋಡಿ. ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವೆ 70 ಸೆಂಟಿಮೀಟರ್ ಅಂತರವಿದೆ ಎನ್ನೋಣ. ಇವೆರಡರ ಜೋಡಣೆಯಲ್ಲಿ ಕೇವಲ 0.1 ಮಿಲಿಮೀಟರ್ ತಪ್ಪಿದರೂ ಹತ್ತು ಮೀಟರ್ ಆಚೆ ಪೆಲೆಟ್ (ಏರ್‌ಗನ್ನಿನ ಪುಟ್ಟ ಗುಂಡು) ಸುಮಾರು 1.4 ಮಿಲಿಮೀಟರ್ ಸರಿದು ಬೀಳುತ್ತದೆ. ಏರ್ ರೈಫಲ್ ಗುರಿಹಾಳೆಯಲ್ಲಿ ಹತ್ತು ಅಂಕದ ಚುಕ್ಕೆಯ ವ್ಯಾಸ ಅರ್ಧ ಮಿಲಿಮೀಟರ್, ಒಂದು ವೃತ್ತಕ್ಕೂ ಮುಂದಿನದಕ್ಕೂ ಇರುವ ಅಂತರ 2.5 ಮಿಲಿಮೀಟರ್, ಹಾಗಾಗಿ ಕಣ್ಣಿಗೆ ಕಾಣದಷ್ಟು ಸಣ್ಣ ತಪ್ಪಿಗೇ ಅರ್ಧ ಅಂಕಕ್ಕಿಂತ ಹೆಚ್ಚು ಹೋಗುತ್ತದೆ. ತೆರೆದ ಸೈಟಿನಲ್ಲಿ ಹಿಂದಿನ ಕಚ್ಚು, ಮುಂದಿನ ಮೊನೆ, ಗುರಿ ಈ ಮೂರನ್ನೂ ಕಣ್ಣು ಒಮ್ಮೆಗೇ ಸ್ಪಷ್ಟವಾಗಿ ನೋಡಲಾರದು. ಪೀಪ್ ಸೈಟಿನಲ್ಲಾದರೋ ಹಿಂದಿನ ಸಣ್ಣ ರಂಧ್ರವನ್ನು ನೋಡುವ ಅಗತ್ಯವೇ ಇಲ್ಲ, ಅದರ ಮೂಲಕ ನೋಡಿದರೆ ಸಾಕು. ವೃತ್ತದೊಳಗೆ ವೃತ್ತವನ್ನು ನಡುವಿಗೆ ತರುವುದು ಕಣ್ಣಿಗೆ ಹುಟ್ಟಿನಿಂದಲೇ ಬಂದ ಸಾಮರ್ಥ್ಯ.

ಮುಂದಿನ ಸೈಟಿನ ಉಂಗುರವನ್ನು ಆರಿಸುವಾಗ ಹೊಸಬರು ಸಾಮಾನ್ಯವಾಗಿ ತೀರ ಬಿಗಿಯಾದದ್ದನ್ನು ಹಾಕಿಕೊಳ್ಳುತ್ತಾರೆ. ಗುರಿಯ ಕಪ್ಪು ಭಾಗದ ವ್ಯಾಸ 30.5 ಮಿಲಿಮೀಟರ್. ಅದರ ಸುತ್ತ ಧಾರಾಳವಾಗಿ ಬಿಳಿಯ ಬಳೆ ಕಾಣುವಂತೆ 3.8 ಅಥವಾ 4 ಮಿಲಿಮೀಟರಿನ ಉಂಗುರದಿಂದ ಆರಂಭಿಸಿ. ಉಂಗುರ ಬಿಗಿಯಾದಷ್ಟೂ ಕೈಯ ನಡುಕ ದೊಡ್ಡದಾಗಿ ಕಾಣುತ್ತದೆ. ಮಗು ಹೆದರಿ ಟ್ರಿಗರ್ ಒತ್ತುವುದನ್ನು ಮುಂದೂಡುತ್ತದೆ, ಅಷ್ಟರಲ್ಲಿ ಉಸಿರು ಮುಗಿದು ಕಣ್ಣು ದಣಿದಿರುತ್ತದೆ. ಕಣ್ಣಿನ ಕಡೆಯ ರಂಧ್ರವನ್ನು 1.1 ಮಿಲಿಮೀಟರಿನ ಆಸುಪಾಸಿನಲ್ಲಿಟ್ಟು, ಬೆಳಕು ಕಡಿಮೆ ಇರುವ ಕಡೆ ಸ್ವಲ್ಪ ಹಿಗ್ಗಿಸಿದರೆ ಸಾಕು.

ಇನ್ನೊಂದು ಮುಖ್ಯ ವಿಷಯವಿದೆ. ಹಿಂದಿನ ಸೈಟನ್ನು ಪೆಲೆಟ್ ಯಾವ ಕಡೆಗೆ ಹೋಗಬೇಕೋ ಆ ಕಡೆಗೇ ಸರಿಸಬೇಕು ಎಂಬುದು ಎಲ್ಲರೂ ಹೇಳುವ ನಿಯಮ, ಅದು ನಿಜವೂ ಹೌದು. ಆದರೆ ಜರ್ಮನ್ ತಯಾರಿಕೆಯ ಸ್ಪರ್ಧಾ ಸೈಟುಗಳ ತಿರುಪಿನ ಮೇಲಿರುವ ಅಕ್ಷರಗಳು ಪೆಲೆಟ್ ಹೋಗಬೇಕಾದ ದಿಕ್ಕನ್ನಲ್ಲ, ಅದು ಈಗ ಬಿದ್ದಿರುವ ದಿಕ್ಕನ್ನು ಸೂಚಿಸುತ್ತವೆ. ಪೆಲೆಟ್ ಬಲಕ್ಕೆ ಬಿದ್ದಿದ್ದರೆ ಬಲದ ಅಕ್ಷರದ ಕಡೆಗೆ ತಿರುಗಿಸಬೇಕು. ರೇಂಜ್‌ನಲ್ಲಿ ಎರವಲು ರೈಫಲ್ ಸಿಕ್ಕ ದಿನ ಅರ್ಧ ಗಂಟೆ ವ್ಯರ್ಥವಾಗಬಾರದೆಂದರೆ ಇದು ಮಗಳಿಗೆ ಗೊತ್ತಿರಲಿ.

ಬೆಟ್ಟದಹೂ (ಉತ್ತರ):

ಕರಿಬಿಲ್ಲೆಯವರ ಮಾತು ಸ್ಪರ್ಧೆಯ ಮಟ್ಟಿಗೆ ಪೂರ್ತಿ ಸರಿ. ಆದರೂ ಮನೆಯ ಸ್ಪ್ರಿಂಗ್ ಗನ್ನಿನಲ್ಲಿ ಇಪ್ಪತ್ತು ಇಪ್ಪತ್ತೈದು ಮೀಟರಿಗೆ ಡಬ್ಬಿ ಹೊಡೆಯುವ ಸಂತೋಷಕ್ಕೆ ಸ್ಕೋಪ್ ಬೇಡವೆನ್ನಲು ಕಾರಣವಿಲ್ಲ. ಯಾವುದನ್ನು ಕೊಳ್ಳುವುದು ಎಂಬುದಷ್ಟೇ ಪ್ರಶ್ನೆ.

ಅಂಗಡಿಯಲ್ಲಿ ಮಸುಕಾಗಿ ಕಂಡದ್ದು ಸ್ಕೋಪಿನ ದೋಷವಾಗಿರಲಾರದು. ಮದ್ದುಗುಂಡಿನ ಬಂದೂಕಿಗೆಂದು ಮಾಡಿದ ಬಹಳಷ್ಟು ಸ್ಕೋಪುಗಳ ಫೋಕಸ್ಸನ್ನು ಕಾರ್ಖಾನೆಯಲ್ಲೇ ನೂರು ಗಜದ ದೂರಕ್ಕೆ ಹೊಂದಿಸಿ ಬಿಗಿದಿರುತ್ತಾರೆ. ಹತ್ತು ಮೀಟರಿನಲ್ಲಿ ಅವು ಮಸುಕಾಗುವುದಲ್ಲದೆ, ಕಣ್ಣು ಕೊಂಚ ಅತ್ತಿತ್ತ ಸರಿದರೆ ಗುರಿ ಹಿಡಿಯಲು ಸ್ಕೋಪಿನೊಳಗೆ ಇರುವ ಅಡ್ಡಗೆರೆಯೂ ಗುರಿಯ ಮೇಲೆ ಸರಿದಂತೆ ಕಾಣುತ್ತದೆ. ಇದೇ ಪ್ಯಾರಲಾಕ್ಸ್. ಮುಂದಿನ ಮಸೂರದ ಸುತ್ತ ತಿರುಗುವ ಬಳೆಯಿದ್ದು, ಅದರ ಮೇಲೆ ಹತ್ತು ಗಜದಿಂದ ಗುರುತುಗಳಿರುವ ಸ್ಕೋಪನ್ನೇ ಕೇಳಿ. ಪಟ್ಟು ಎಷ್ಟೆಂಬುದು ಇದರ ಮುಂದೆ ಗೌಣ. ಈ ದೂರಕ್ಕೆ ನಾಲ್ಕು ಪಟ್ಟು ಧಾರಾಳವಾಯಿತು.

ಎರಡನೆಯದಾಗಿ, ಸ್ಪ್ರಿಂಗ್ ಗನ್ ಬಂದೂಕಿಗಿಂತ ಸ್ಕೋಪಿಗೆ ಹೆಚ್ಚು ಅಪಾಯಕಾರಿ ಎಂದರೆ ಅನೇಕರು ನಂಬುವುದಿಲ್ಲ. ಒಳಗಿನ ಪಿಸ್ಟನ್ ಮುಂದಕ್ಕೆ ನುಗ್ಗುವಾಗ ಗನ್ ಹಿಂದಕ್ಕೆ ಒದೆಯುತ್ತದೆ, ಪಿಸ್ಟನ್ ತುದಿ ತಲುಪಿ ನಿಂತಾಗ ಮತ್ತೆ ಮುಂದಕ್ಕೆ ಜಗ್ಗುತ್ತದೆ. ಹಿಂದೊದೆತವನ್ನಷ್ಟೇ ತಡೆಯುವಂತೆ ಕಟ್ಟಿದ ಸ್ಕೋಪಿನೊಳಗಿನ ಅಡ್ಡಗೆರೆ ಈ ಎರಡನೆಯ ಜಗ್ಗಾಟಕ್ಕೆ ಸಡಿಲಗೊಂಡೀತು. ಆದ್ದರಿಂದ ಸ್ಪ್ರಿಂಗ್ ಏರ್‌ಗನ್ನಿಗೆ ತಕ್ಕದ್ದೆಂದು ತಯಾರಕರೇ ಬರೆದಿರುವುದನ್ನು ಕೊಳ್ಳಿ. ಸ್ಕೋಪನ್ನು ಗನ್ನಿಗೆ ಬಿಗಿಯುವ ಮೌಂಟ್ ಕೂಡ ಗನ್ನಿನ ಮೇಲಿನ 11 ಮಿಲಿಮೀಟರ್ ಹಳಿಗೆ ಹೊಂದುವಂಥದ್ದಾಗಿರಬೇಕು, ಹಿಂದಕ್ಕೆ ಜಾರದಂತೆ ತಡೆಮೊಳೆ ಇರಬೇಕು.

ಕೂರಿಸುವ ಮೊದಲು ಬಿಳಿ ಗೋಡೆಯ ಕಡೆ ನೋಡುತ್ತ ಅಡ್ಡಗೆರೆ ಚೂಪಾಗಿ ಕಾಣುವಂತೆ ಕಣ್ಣಿನ ಕಡೆಯ ಮಸೂರವನ್ನು ತಿರುಗಿಸಿಕೊಳ್ಳಿ. ಸ್ಕೋಪನ್ನು ಮೌಂಟಿನಲ್ಲಿ ಸಡಿಲವಾಗಿಟ್ಟು, ಮಗಳು ಕಣ್ಣು ಮುಚ್ಚಿ ಕೆನ್ನೆಯಿಟ್ಟು, ಆಮೇಲೆ ಕಣ್ಣು ತೆರೆದಾಗ ಪೂರ್ತಿ ವೃತ್ತ ಕಾಣುವ ಜಾಗಕ್ಕೆ ಹಿಂದೆ ಮುಂದೆ ಸರಿಸಿ; ಇದನ್ನು ನಿಮ್ಮ ಕೆನ್ನೆಯಿಂದ ಅಳೆಯಬೇಡಿ. ಬಳಿಕ ಗಾರೆ ಕೆಲಸದವರ ತೂಗುಗುಂಡನ್ನು ದೂರದಲ್ಲಿ ಇಳಿಬಿಟ್ಟು, ಗನ್ನನ್ನು ನೆಟ್ಟಗೆ ಹಿಡಿದು, ಲಂಬಗೆರೆಯನ್ನು ಆ ದಾರಕ್ಕೆ ಹೊಂದಿಸಿ. ತಿರುಪುಗಳನ್ನು ಒಂದೊಂದಾಗಿ ಪೂರ್ತಿ ಬಿಗಿಯದೆ ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಅತಿಯಾದರೆ ಸ್ಕೋಪಿನ ಕೊಳವೆಯೇ ಜಜ್ಜಿಹೋಗುತ್ತದೆ.

ಹಾರಂಗಿ:

ಇಬ್ಬರಿಗೂ ವಂದನೆಗಳು. ಸ್ಪರ್ಧೆಯ ಅಭ್ಯಾಸಕ್ಕೆ ಪೀಪ್ ಸೈಟ್ ಎಂದು ತೀರ್ಮಾನಿಸಿದ್ದೇವೆ. ಸ್ನೇಹಿತರೊಬ್ಬರು ಫೋಕಸ್ ಬಳೆಯಿರುವ ಸ್ಕೋಪನ್ನು ಸ್ವಲ್ಪ ಕಾಲಕ್ಕೆಂದು ಕೊಟ್ಟಿದ್ದರಿಂದ ಅದನ್ನೂ ಕೂರಿಸಿ ನೋಡಿದೆವು. ಹತ್ತು ಮೀಟರಿನಲ್ಲಿ ಪೆಲೆಟ್‌ಗಳ ಗುಂಪು ಮಧ್ಯದಿಂದ 22 ಮಿಲಿಮೀಟರ್ ಕೆಳಗೆ, 8 ಮಿಲಿಮೀಟರ್ ಬಲಕ್ಕೆ ಬೀಳುತ್ತಿದೆ. ತಿರುಪಿನ ಮೇಲೆ ಕಾಲು ಎಂಓಎ ಎಂದಿದೆ. ಎಷ್ಟು ಕ್ಲಿಕ್ ತಿರುಗಿಸಬೇಕು?

ಬೆಟ್ಟದಹೂ:

ಎಂಓಎ ಎಂದರೆ ಒಂದು ಡಿಗ್ರಿ ಕೋನದ ಅರವತ್ತನೆಯ ಒಂದು ಭಾಗ; ಒಂದು ಎಂಓಎ ಹತ್ತು ಮೀಟರಿನಲ್ಲಿ 2.9 ಮಿಲಿಮೀಟರ್. ಅದರ ಕಾಲು ಭಾಗ, ಅಂದರೆ ಒಂದು ಕ್ಲಿಕ್, 0.73 ಮಿಲಿಮೀಟರ್. ಮೇಲಕ್ಕೆ 30, ಎಡಕ್ಕೆ 11 ಕ್ಲಿಕ್ ತಿರುಗಿಸಿ. ಪೆಟ್ಟಿಗೆಯ ಮೇಲೆ ಬರೆದಿರುವ ಕಾಲು ಇಂಚಿನ ಲೆಕ್ಕ ನೂರು ಗಜಕ್ಕೆ ಮಾತ್ರ ಅನ್ವಯ. ಒಂದೇ ಪೆಲೆಟ್ ನೋಡಿ ತಿರುಗಿಸದೆ ಐದು ಹೊಡೆದು ಗುಂಪಿನ ನಡುವನ್ನು ಅಳೆಯಿರಿ. ತಿರುಗಿಸಿದ ಮೇಲೆ ಮೊದಲ ಒಂದೆರಡು ಪೆಲೆಟ್‌ಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಒಳಗಿನ ಭಾಗಗಳು ಹೊಸ ಜಾಗಕ್ಕೆ ಕೂರಲು ಅಷ್ಟು ಕುಲುಕಾಟ ಬೇಕು.

ಕೆಳಗೆ ಬಿದ್ದದ್ದಕ್ಕೆ ಗಾಬರಿಯಾಗುವುದು ಬೇಡ. ಸ್ಕೋಪಿನ ಮಧ್ಯರೇಖೆ ನಳಿಕೆಗಿಂತ ನಾಲ್ಕೂವರೆ ಸೆಂಟಿಮೀಟರಿನಷ್ಟು ಮೇಲಿರುತ್ತದೆ. ಎರಡೂ ಸಮಾಂತರವಾಗಿದ್ದರೆ ಇಷ್ಟು ಹತ್ತಿರದಲ್ಲಿ ಪೆಲೆಟ್ ಇನ್ನೂ ಕೆಳಗೇ ಬೀಳಬೇಕಿತ್ತು. ನಳಿಕೆ ಬಗ್ಗುವ ಗನ್ನುಗಳಲ್ಲಿ ನಳಿಕೆಯ ತುದಿ ಕೊಂಚ ತಗ್ಗಿರುವುದೂ ಸಾಮಾನ್ಯ. ತಿರುಪು ಕೊನೆ ಮುಟ್ಟಿಯೂ ಪೆಲೆಟ್ ಕೆಳಗೇ ಬೀಳುತ್ತಿದ್ದರೆ ಬಲವಂತ ಮಾಡದೆ, ಹಿಂಭಾಗ ಎತ್ತರವಾಗಿರುವ ಮೌಂಟ್ ಹಾಕಿಸಿ. ಹತ್ತು ಮೀಟರಿಗೆ ಹೊಂದಿಸಿದ ಮೇಲೆ ಹದಿನೈದು, ಇಪ್ಪತ್ತು, ಇಪ್ಪತ್ತೈದು ಮೀಟರಿನಲ್ಲೂ ಕಾಗದಕ್ಕೆ ಹೊಡೆದು ಬರೆದಿಟ್ಟುಕೊಳ್ಳಿ: ಪೆಲೆಟ್ ನೋಟದ ರೇಖೆಯನ್ನು ದಾಟಿ ಮೇಲೇರಿ ಮತ್ತೆ ಇಳಿಯುವುದರಿಂದ ನಡುವಿನ ದೂರಗಳಲ್ಲಿ ಅದು ಮೇಲೆ ಬೀಳುತ್ತದೆ. ಗನ್ನನ್ನು ಬಿಗಿಹಿಡಿಯದೆ ಅಂಗೈ ಮೇಲೆ ಸುಮ್ಮನೆ ಇರಿಸಿ ಹೊಡೆಯಲಿ. ಸ್ಪ್ರಿಂಗ್ ಗನ್ನಿನಲ್ಲಿ ಹಿಡಿತ ಬದಲಾದರೆ ಹೊಂದಿಸಿದ್ದೂ ಬದಲಾಗುತ್ತದೆ.

ತೋಟದಕೋವಿ (ಉತ್ತರ):

ಕೈಲ್‌ಪೊಳ್ದ್ ಬಗ್ಗೆ ಕೇಳಿದ್ದಿರಿ. ಸೆಪ್ಟೆಂಬರ್ ಬಂದರೆ ಕೊಡಗಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳು ಹಲವೆಡೆ ನಡೆಯುತ್ತವೆ, ಆದರೆ ಸೈಟಿನ ನಿಯಮವನ್ನು ಆಯಾ ಆಯೋಜಕರೇ ಮಾಡುತ್ತಾರೆ. ಹೆಸರು ಕೊಡುವ ಮೊದಲೇ ಸ್ಕೋಪ್ ಬಿಡುತ್ತಾರೆಯೇ ಎಂದು ಕೇಳಿಬಿಡಿ. ನನ್ನನ್ನು ಕೇಳಿದರೆ ಅಲ್ಲಿಗೆ ತೆರೆದ ಸೈಟೇ ಲೇಸು: ಜನಜಂಗುಳಿಯ ನಡುವೆ ಯಾರದೋ ಗನ್ ಕೈಗೆ ಕೊಟ್ಟು ಒಂದೆರಡು ಗುಂಡಿಗೆ ಅವಕಾಶ ಕೊಡುವಾಗ ಕ್ಲಿಕ್ ಎಣಿಸುತ್ತ ಕೂರಲು ಸಮಯವಿರುವುದಿಲ್ಲ.

.177 ಬೋರನ್ನೂ 20 ಜೌಲ್ ಶಕ್ತಿಯನ್ನೂ ಮೀರದ ಏರ್‌ಗನ್ನಿಗೆ ಪರವಾನಗಿ ಬೇಕಿಲ್ಲ, ಸರಿ. ಆದರೆ ಸ್ಕೋಪ್ ಕೂರಿಸಿದ ಕೂಡಲೇ ತೋಟದ ಹಕ್ಕಿಗಳ ಕಡೆ ತಿರುಗಿಸುವವರನ್ನು ಕಂಡಿದ್ದೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಏರ್‌ಗನ್ ಆದರೂ ಒಂದೇ, ಕೋವಿಯಾದರೂ ಒಂದೇ. ಸ್ಕೋಪಿನ ಕಿರಿದಾದ ನೋಟದಲ್ಲಿ ಗುರಿಯ ಅಕ್ಕಪಕ್ಕ ಯಾರು ಬಂದರೆಂಬುದು ಕಾಣುವುದಿಲ್ಲವಾದ್ದರಿಂದ, ಗುರಿಹಾಳೆಯ ಹಿಂದೆ ಬಟ್ಟೆ ತುರುಕಿದ ದಪ್ಪ ಪೆಟ್ಟಿಗೆಯನ್ನಿಟ್ಟು, ಮಗಳು ಹೊಡೆಯುವಾಗ ನೀವು ಪಕ್ಕದಲ್ಲಿ ನಿಂತು ಬರಿಗಣ್ಣಿನಿಂದ ಸುತ್ತ ನೋಡುತ್ತಿರಿ.